ಅವಳನ್ನು ನಾವು ನೋಡಿದೆವು

ಏಳು ತಿಂಗಳು ತುಂಬಿತ್ತು. ಸಂಜೆ ಚಹಾ ಕುಡಿದ ಕೂಡಲೇ ಹೊಟ್ಟೆಯಲ್ಲಿ ಕುಣಿಯುತ್ತಿದ್ದ ಮಗು ಅಂದು ಸುಮ್ಮನಿತ್ತು. ಮಗ್ಗುಲು ಬದಲಿಸಿ ಮಲಗಿದೆ. ಬೆಲ್ಲ ತಿಂದು ನೋಡಿದೆ. "ನಿದ್ದೆ ಮಾಡ್ತಾ ಉಂಟೋ ಎಂತದೋ," ಎಂದ ಅತ್ತೆ, ಅಷ್ಟು ಹೇಳುವಾಗಲೇ ಸೀರೆ ಬದಲಿಸುತ್ತಿದ್ದರು. ಬಂದ್ಯೋಡಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ನನ್ನ ಗಂಡ ಬಾಡಿಗೆ ಜೀಪು ತಂದರು.

ಕಾಸರಗೋಡಿನಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. ಮತ್ತೊಮ್ಮೆ ಜೆಲ್ ಹಚ್ಚಿ ನೋಡಿದರು.

"ಹಾರ್ಟ್‌ಬೀಟ್ ನಿಂತಿದೆ ಅಮ್ಮ."

ನೋವು ಬರಿಸಲು ಡ್ರಿಪ್ ಹಾಕಿದರು. ಮರುದಿನ ಹೆತ್ತೆ. ಹೆಣ್ಣು. ಅಳು ಕೇಳಿಸಲಿಲ್ಲ.

"ನೋಡುವುದು ಬೇಡ, ಆಮೇಲೆ ಮರೆಯಲಿಕ್ಕೆ ಆಗುದಿಲ್ಲ," ಎಂದಳು ನನ್ನ ಅಕ್ಕ. ಅತ್ತೆ ಒಪ್ಪಲಿಲ್ಲ. "ನನ್ನ ಮೊದಲಿನದ್ದು ಹೀಗೇ ಹೋಯಿತು. ನನಗೆ ತೋರಿಸಲಿಲ್ಲ. ಇವತ್ತಿಗೂ ಅದರ ಮುಖ ಹುಡುಕ್ತೇನೆ. ಇವಳು ನೋಡಲಿ."

ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಪುಟ್ಟ ಮುಖ, ತಲೆತುಂಬ ಕೂದಲು. ಗಂಡ ಬಟ್ಟೆ ಸರಿಸಿ ಪಾದ ನೋಡಿದರು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. "ಇದು ನನ್ನದೇ," ಎಂದರು.

"ಮತ್ತೆ ಯಾರದ್ದು ಮಾರಾಯ?" ಎಂದರು ಅತ್ತೆ.

ನಗು ಬಂತು. ಎಲ್ಲರೂ ಅಳುತ್ತಲೇ ನಕ್ಕೆವು. ಮಣ್ಣು ಮಾಡುವ ಕೆಲಸವನ್ನು ಗಂಡನೇ ಮಾಡಿ ಬಂದರು.

ಮನೆಗೆ ಬಂದ ಮೇಲೆ ಎದೆಯಲ್ಲಿ ಹಾಲು ಬಂತು.

ಹೀಗಾಗುತ್ತದೆಂದು ಯಾರೂ ಹೇಳಿರಲಿಲ್ಲ. ರವಿಕೆ ಒದ್ದೆಯಾದಾಗಲೆಲ್ಲ ಅವಳನ್ನು ಮತ್ತೊಮ್ಮೆ ಕಳೆದುಕೊಂಡ ಹಾಗಾಗುತ್ತಿತ್ತು. ಅತ್ತೆ ತಣ್ಣೀರಿನ ಬಟ್ಟೆ ಇಟ್ಟು ಪಕ್ಕದಲ್ಲೇ ಕೂರುತ್ತಿದ್ದರು. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಕಾರಣ ತಂದರು: ಪಪ್ಪಾಯಿ ತಿಂದದ್ದು, ಹೊಲಿಗೆ ಮಿಷನ್ ತುಳಿದದ್ದು, ಬಸ್ಸಿನ ಕುಲುಕಾಟ. "ಡಾಕ್ಟರಮ್ಮನಿಗೇ ಗೊತ್ತಾಗದ್ದು ನಿಮಗೆ ಗೊತ್ತುಂಟಲ್ಲ, ನೀವೊಂದು ಆಸ್ಪತ್ರೆ ತೆರೀಬಹುದು," ಎಂದು ಅತ್ತೆ ಚಹಾ ಕೊಟ್ಟು ಕಳಿಸುತ್ತಿದ್ದರು. ಒಳಕೋಣೆಯಲ್ಲಿ ನಾನು ದಿಂಬಿಗೆ ಬಾಯಿ ಒತ್ತಿ ನಗುತ್ತಿದ್ದೆ.

ಆದರೂ ಚೆಕಪ್‌ಗೆ ಹೋದಾಗ ಕೇಳಿಯೇಬಿಟ್ಟೆ. "ನಿಮ್ಮಿಂದ ಆದದ್ದಲ್ಲ. ಕೆಲವು ಸಲ ಕಾರಣ ಸಿಗುವುದೇ ಇಲ್ಲ," ಎಂದರು ಡಾಕ್ಟರಮ್ಮ. ಕಾರಣವಿಲ್ಲದೆ ಹೋದಳು ಎಂಬುದನ್ನು ಒಪ್ಪುವುದು ಕಷ್ಟ. ಆದರೆ ಆ ಕಾರಣ ನಾನಲ್ಲ ಎಂದು ಗೊತ್ತಾದಾಗ, ಇಷ್ಟು ದಿನ ಎಷ್ಟು ಬಿಗಿಯಾಗಿ ಉಸಿರು ಹಿಡಿದಿದ್ದೆ ಎಂಬುದೂ ಗೊತ್ತಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಮಕ್ಕಳೆಷ್ಟು ಎಂದು ಕೇಳಿದರು.

"ಒಬ್ಬಳು. ತೀರಿಕೊಂಡಳು."

ಆಕೆ ಅಯ್ಯೋ ಎನ್ನಲಿಲ್ಲ. "ಹೇಗಿದ್ದಳು?" ಎಂದರು.

ಹೇಳಿದೆ. ಹೇಳುತ್ತ ಹೇಳುತ್ತ ನಾನು ಇಳಿಯಬೇಕಾದ ಬಂದ್ಯೋಡು ದಾಟಿಹೋಯಿತು. ಉಪ್ಪಳದಲ್ಲಿ ಇಳಿದಾಗ ಜೋರು ಹಸಿವು. ಹೋಟೆಲಿಗೆ ಹೋಗಿ ಒಬ್ಬಳೇ ಕೂತು ಎರಡು ಪ್ಲೇಟು ಗೋಳಿಬಜೆ ತಿಂದೆ. ಮನೆಯಲ್ಲಿ, ತಡವಾದದ್ದಕ್ಕೆ ಅತ್ತೆ ಏನೂ ಹೇಳಲಿಲ್ಲ. ಗೋಳಿಬಜೆ ತಿಂದದ್ದು ಕೇಳಿ, ತಮಗೆ ಕಟ್ಟಿಸಿ ತರಲಿಲ್ಲವೆಂದು ಬೈದರು.