ಎರಡನೇ ಡಿಸ್ಕಿನಲ್ಲಿ ಐವತ್ತೆಂಟು ಮನೆ

ಆಗಸ್ಟ್ ೧೦, ಭಾನುವಾರ, ಕೊಪ್ಪ. ಈ ಪತ್ರಿಕೆಗೆ ಬರೆಯಲು ಕೂತಾಗ ಬೆಳಗ್ಗೆ ಹತ್ತೂಕಾಲು.

ಸಣ್ಣ ಸ್ಕ್ರೂಡ್ರೈವರ್ ಹುಡುಕಲು ಮೇಜಿನ ಕೆಳಗಿನ ಡಬ್ಬ ತೆರೆದೆ. ಹಳೆಯ ಮದುವೆ ಕಾಗದದಲ್ಲಿ ಸುತ್ತಿಟ್ಟ ಚಪ್ಪಟೆ ವಸ್ತುವೊಂದು ಕೈಗೆ ಸಿಕ್ಕಿತು. ಬಿಚ್ಚುವ ಮೊದಲೇ ಟೋನರ್ ಮತ್ತು ಅಂಟಿನ ವಾಸನೆ... ಲ್ಯಾಪ್‌ಟಾಪಿನಿಂದ ಕಳಚಿದ ಸಿ.ಡಿ. ಡ್ರೈವ್ ಅದು. ಅದರ ಜಾಗದಲ್ಲಿ ಎರಡನೇ ಹಾರ್ಡ್ ಡಿಸ್ಕ್ ಕೂರಿಸಿದ ದಿನ, "ಇದನ್ನ ಎಸೀಬೇಡ ಮಾರಾಯ್ತಿ, ಪಾಪ, ಅದ್ರ ಮನೆ ಖಾಲಿ ಮಾಡ್ಸಿದ್ದು ನಾವೇ ಅಲ್ವ" ಎಂದು ಡಿ.ಟಿ.ಪಿ. ಅಕ್ಕ ನನ್ನ ಕೈಗೆ ಕೊಟ್ಟಿದ್ದರು.

ಅವರನ್ನು ಊರೆಲ್ಲ ಹಾಗೇ ಕರೆಯುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಒಂದೇ ಕೋಣೆಯ ಅಂಗಡಿ. ಜಯಪುರದ ಮದುವೆ, ಕಿಗ್ಗದ ಉಪನಯನ, ಶೃಂಗೇರಿ ಕಡೆಯ ವೈಕುಂಠ ಸಮಾರಾಧನೆ, ಎಲ್ಲದರ ಕಾಗದವೂ ಅಲ್ಲೇ ಅಕ್ಷರವಾಗುತ್ತಿತ್ತು. ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡಿಸಲು ಹೋದ ನಾನು ಪ್ರೂಫ್ ನೋಡಿಕೊಡುವವಳಾಗಿ ಅಲ್ಲೇ ಉಳಿದೆ. ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಮೇಲೆ ಪೂರ್ತಿ ಓದಿಸಿ, ಅವರು "ಸರಿ" ಎನ್ನುವವರೆಗೆ ಅಕ್ಕ ಒಂದು ಹಾಳೆಯನ್ನೂ ಪ್ರಿಂಟ್ ತೆಗೆಯುತ್ತಿರಲಿಲ್ಲ. ಒಮ್ಮೆ ಯಾರದೋ ಮದುವೆ ಕಾಗದದಲ್ಲಿ ಮದುಮಗನ ಹೆಸರಿಗೆ ಬದಲು ಅವನ ಅಣ್ಣನ ಹೆಸರು ಅಚ್ಚಾಗಿ ಹೋದ ಮೇಲೆ ಬಂದ ನಿಯಮವಂತೆ.

ಅವರ ಕಂಪ್ಯೂಟರ್ ಹಳೆಯದು. ಅದರಲ್ಲಿದ್ದ ಕನ್ನಡ ಅಕ್ಷರಗಳ ತಂತ್ರಾಂಶ ಕೆಲಸ ಮಾಡಬೇಕಾದರೆ, ಹಿಂಬದಿಯ ತೂತಿಗೆ ಹೆಬ್ಬೆರಳಿನಷ್ಟು ದೊಡ್ಡ ಬೂದು ಬಣ್ಣದ ತುಂಡೊಂದನ್ನು ಸಿಕ್ಕಿಸಿರಬೇಕು. ಒಬ್ಬರು ಕೊಂಡದ್ದನ್ನು ಹತ್ತು ಜನ ಬಳಸಬಾರದೆಂದು ಕಂಪನಿಯವರು ಕೊಟ್ಟದ್ದು. ಅಕ್ಕ ಅದನ್ನು "ಬೀಗ" ಎನ್ನುತ್ತಿದ್ದರು. ಅದು ಹಿಂದೆ ಗೋಡೆಯ ಕಡೆಗಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅಕ್ಕನ ಅಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರು ಹುಟ್ಟಿ ಬೆಳೆದದ್ದು ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಒಂದು ಊರಿನಲ್ಲಿ. ಆ ಊರಿನ ಮನೆಗಳನ್ನು ಅವರು ಒಂದೊಂದಾಗಿ ಹೇಳುವುದು, ಅಕ್ಕ ಟೈಪ್ ಮಾಡುವುದು. ಯಾರ ಮನೆ, ಎಷ್ಟು ಮಕ್ಕಳು, ಯಾರ ಬಾವಿಯ ನೀರು ಸಿಹಿ, ಊರು ಬಿಟ್ಟವರು ಯಾವ ಕಡೆ ಹೋದರು... ಅಕ್ಕ ಹುಟ್ಟಿದ್ದು ಊರು ಮುಳುಗಿದ ಮೇಲೆ. ಅಮ್ಮನ ಬಾಯಲ್ಲಿ ಬಿಟ್ಟರೆ ಆ ಊರು ಅವರಿಗೆ ಬೇರೆಲ್ಲೂ ಇರಲಿಲ್ಲ.

ಮನೆಗಳು ಗೊಂದಲವಾಗುತ್ತವೆ, ಒಂದೊಂದಕ್ಕೂ ನಂಬರ್ ಹಾಕಿ ಎಂದು ಹೇಳಿದವಳು ನಾನು. ಅಕ್ಕ ನಕ್ಕರು. "ನಿಂಗೆ ಲೆಕ್ಕ ಹಾಕ್ದೆ ಅನ್ನ ಗಂಟ್ಲಲ್ಲಿ ಇಳಿಯಲ್ಲ ಕಾಣ್ತದೆ." ಆದರೂ ಹಾಕಿದರು. ಐವತ್ತೆಂಟರವರೆಗೆ ಬಂತು.

ಪ್ರಿಂಟ್ ಮಾತ್ರ ತೆಗೆಯಲಿಲ್ಲ. ಇಲ್ಲಿ ಗಿರಾಕಿ ಅಮ್ಮ; ಅಮ್ಮ "ಸರಿ" ಎನ್ನಬೇಕಲ್ಲ? ಓದಿ ಹೇಳಿದಾಗಲೆಲ್ಲ ಅವರಿಗೆ ಹೊಸದೊಂದು ನೆನಪಾಗುತ್ತಿತ್ತು. "ತಡಿಯೇ, ಆ ಮನೆ ಸೊಸೆ ಹೆಸ್ರು ಅದಲ್ಲ. ಅದು ಅವ್ಳ ತಂಗಿದು."

"ಅಮ್ಮ, ನಿನ್ನಂಥಾ ಗಿರಾಕಿ ಇನ್ನೊಬ್ರು ಬಂದ್ರೆ ನಾ ಅಂಗ್ಡಿ ಮುಚ್ಚದೇ ಸೈ."

"ಮುಚ್ಚು. ಸೊಸೆ ಹೆಸ್ರು ಸರಿ ಮಾಡಿ ಮುಚ್ಚು."

ಆ ಮಳೆಗಾಲ ಹಳೆಯ ಕಂಪ್ಯೂಟರ್ ಒಳಗಿನಿಂದ ಟಕ್ ಟಕ್ ಎನ್ನತೊಡಗಿತು. ಡಿಸ್ಕ್ ಹೋಗುವ ಸೂಚನೆ ಎಂದರು ರಿಪೇರಿಯವರು. ಅಕ್ಕನ ಹತ್ತಿರ ಬಿಲ್ಲಿಗೆಂದು ಕೊಂಡ ಲ್ಯಾಪ್‌ಟಾಪ್ ಒಂದಿತ್ತು. ಅದಕ್ಕೆ ಎರಡನೇ ಡಿಸ್ಕ್ ಹಾಕಿಸಿ ಊರನ್ನೆಲ್ಲ ಅಲ್ಲಿಗೆ ಸಾಗಿಸುವುದೆಂದು ನಿರ್ಧಾರವಾಯಿತು. ಯಾವುದು ತಗೊಳ್ಳುವುದೆಂದು ಮೂರು ವಾರ ಚರ್ಚೆ ಮಾಡಿದ್ದು ನನ್ನ ದಿನಚರಿಯಲ್ಲಿದೆ. ವೈರಿನಲ್ಲಿ ಹೊರಗೆ ನೇತಾಡುವುದು ಅಕ್ಕನಿಗೆ ಬೇಡ. ಎಲ್ಲಿಯೋ ಇಟ್ಟು ಮರೆತರೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಒಳಗೇ ಕೂರಿಸುವುದಾದರೆ ತಿರುಗುವ ಡಿಸ್ಕೋ, ತಿರುಗದ ಎಸ್.ಎಸ್.ಡಿ.ಯೋ? ಅಂಗಡಿಯವನು ಎಸ್.ಎಸ್.ಡಿ. ತೋರಿಸಿ, "ಇದು ಹಾಕ್ಸಿ ಅಕ್ಕ, ಕುದ್ರೆ ಓಡ್ದಂಗೆ ಓಡ್ತದೆ" ಎಂದ.

"ನಂಗೆ ಓಡದು ಬ್ಯಾಡ ಮಾರಾಯ. ನಿಲ್ಲದು ಬೇಕು."

ವರ್ಷಗಟ್ಟಲೆ ಕರೆಂಟಿಲ್ಲದೆ ಬಿದ್ದರೆ ಎಸ್.ಎಸ್.ಡಿ. ಮರೆತುಬಿಡಬಹುದು ಎಂದು ನಾನು ಓದಿದ್ದೆ. ಅದಕ್ಕೇ ತಿರುಗುವುದನ್ನು ಆರಿಸಿದೆವು. ಸಿ.ಡಿ. ಡ್ರೈವ್ ತೆಗೆಸಿ ಅದರ ಜಾಗದಲ್ಲಿ ಕೂರಿಸಿದೆವು. ಎಲ್ಲ ಫೈಲುಗಳನ್ನೂ ಸಾಗಿಸಿ, ಎರಡೂ ಕಡೆ ಎಣಿಸಿ, ಲೆಕ್ಕ ತಾಳೆಯಾದ ಮೇಲೆ ಅಕ್ಕ ಅಮ್ಮನಿಗೆ ಹೇಳಿದರು: "ಇನ್ನು ನಿನ್ನೂರು ಮುಳುಗಲ್ಲ."

ಚಳಿಗಾಲದಲ್ಲಿ ಅಮ್ಮ ತೀರಿಕೊಂಡರು. ಅಕ್ಕನ ಆರೋಗ್ಯವೂ ಕೆಟ್ಟಿತು; ಮೆಟ್ಟಿಲು ಹತ್ತಲಾಗದೆ ಅಂಗಡಿ ಬಿಟ್ಟರು. ಹಳೆಯ ಕಂಪ್ಯೂಟರ್ ಅಷ್ಟರಲ್ಲಿ ಪೂರ್ತಿ ಸತ್ತಿತ್ತು. ಒಳಗಿದ್ದುದೆಲ್ಲ ಲ್ಯಾಪ್‌ಟಾಪಿನಲ್ಲಿದೆಯಲ್ಲ ಎಂದು ಗುಜರಿಗೆ ಹಾಕಿದರು. ಬೀಗ ಅದರ ಬೆನ್ನಿನಲ್ಲೇ ಇತ್ತು.

ಅಮ್ಮನ ವರ್ಷಾಂತಕ್ಕೆ ಪುಸ್ತಕ ಮಾಡಿ ಹಂಚಬೇಕೆಂದು ಅಕ್ಕ ನನ್ನನ್ನು ಮನೆಗೆ ಕರೆಸಿದರು. ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಫೈಲ್ ತೆರೆದೆ. ಪರದೆಯ ತುಂಬ ಕೊಂಬು, ಸೊನ್ನೆ, ಮುರಿದ ಇಂಗ್ಲಿಷ್ ಚಿಹ್ನೆಗಳು. ಒಂದು ಅಕ್ಷರವೂ ಕನ್ನಡವಲ್ಲ. ಇದ್ದ ಪರಿವರ್ತಕಗಳನ್ನೆಲ್ಲ ಹಾಕಿ ನೋಡಿದೆ. ಕಸ ಬೇರೆ ಕಸವಾಯಿತು. ಆ ಬೀಗದ ಅಕ್ಷರ ಆ ಬೀಗಕ್ಕೇ ತೆರೆಯುವುದು ಎಂದರು ಶಿವಮೊಗ್ಗದ ಬಲ್ಲವರೊಬ್ಬರು. ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗುಜರಿಯವನನ್ನು ಬಾಳೆಹೊನ್ನೂರಿನವರೆಗೂ ಹೋಗಿ ಹಿಡಿದೆ. ಅವನು ಪಾಪ, ಅಂಥದ್ದೆಲ್ಲ ಲೋಡಿನಲ್ಲಿ ಹೋಯಿತಲ್ಲ ಎಂದ.

ಆ ಕಸದ ನಡುವೆ ಒಂದು ಮಾತ್ರ ಸರಿಯಾಗಿ ಕಾಣುತ್ತಿತ್ತು. ಅಂಕಿಗಳು. ಒಂದು, ಎರಡು, ಮೂರು... ಐವತ್ತೆಂಟರವರೆಗೆ, ಸಾಲು ತಪ್ಪದೆ.

ಅಕ್ಕ ಕೊನೆಯ ಅಂಕಿಯವರೆಗೂ ನೋಡಿದರು. ಆಮೇಲೆ, "ನಿನ್ನ ಪಾಲು ಉಳೀತು ನೋಡು" ಎಂದರು. ತಮಾಷೆಯಂತೆಯೇ ಹೇಳಿದರು.

ನೆನಪಿದ್ದಷ್ಟು ಬಾಯಲ್ಲಿ ಹೇಳಲು ಕೂತರು, ನಾನು ಕೈಯಲ್ಲಿ ಬರೆದುಕೊಂಡೆ. ಹನ್ನೊಂದನೇ ಮನೆಯವರೆಗೆ ಬಂತು. ಹನ್ನೆರಡರಲ್ಲಿ ಸೊಸೆಯೋ ತಂಗಿಯೋ ಎಂದು ನಿಂತರು... ಕೇಳಲು ಅಮ್ಮ ಇರಲಿಲ್ಲ. "ಸಾಕು, ಸುಳ್ಳು ಬರ್ಸದು ಬ್ಯಾಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆ ಆ ವಿಷಯ ಎತ್ತಲಿಲ್ಲ. ಹೋದ ವರ್ಷ ಅವರೂ ಹೋದರು. ಅವರ ಉತ್ತರಕ್ರಿಯೆಯ ಕಾಗದ ಮೊಬೈಲಿನಲ್ಲೇ ಬಂತು. ಅದರಲ್ಲಿ ಎರಡು ಅಕ್ಷರ ತಪ್ಪಿತ್ತು.

ಲ್ಯಾಪ್‌ಟಾಪ್ ಈಗ ನನ್ನ ಹತ್ತಿರ ಇದೆ. ತಿಂಗಳಿಗೊಮ್ಮೆ ಡಿಸ್ಕನ್ನು ಪರೀಕ್ಷಿಸುತ್ತೇನೆ. ಒಂದು ದೋಷವೂ ಇಲ್ಲ. ನಾವು ಆರಿಸಿದ್ದು ಒಳ್ಳೆಯ ಡಿಸ್ಕೇ.

ಆ ಬೂದು ಬೀಗ ಯಾರ ಅಟ್ಟದಲ್ಲಾದರೂ ಇರಬಹುದೆಂಬ ಆಸೆ ನನಗಿಲ್ಲ. ಆ ಊರು ಕಂಡವರೂ ಎಂಬತ್ತು ದಾಟಿರುತ್ತಾರೆ. ಎಷ್ಟು ಜನ ಉಳಿದಿದ್ದಾರೋ. ಆದರೂ ಕೇಳುತ್ತೇನೆ. ನರಸಿಂಹರಾಜಪುರದ ಕಡೆಯಿಂದ ಮುಳುಗಡೆಯಾಗಿ ಎದ್ದು ಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಪಕ್ಕದ ಮನೆ ಯಾರದಿತ್ತೆಂದು ಕೇಳಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಒಂದೇ ಹೆಸರಾದರೂ ಸಾಕು. ಹನ್ನೆರಡರಿಂದ ಮುಂದಿನ ನಂಬರುಗಳೆಲ್ಲ ನನ್ನ ಹತ್ತಿರ ಖಾಲಿ ಇವೆ.