ಇಲ್ಲದ ಮೊಲಕ್ಕೆ ತಂದ ಸೊಪ್ಪು

ಮೈಸೂರಿನಲ್ಲಿದ್ದಾಗ ಹರಿಪ್ರಿಯಾ ದೇವರಾಜ ಮಾರ್ಕೆಟ್ಟಿಗೆ ಬೇಕೆಂದೇ ಕತ್ತಲಾಗುವ ಹೊತ್ತಿಗೆ ಹೋಗುತ್ತಿದ್ದಳು. ಬಾಡಿದ ಸೊಪ್ಪು, ಮಾಗಿದ ಹಣ್ಣು ಅರ್ಧ ಬೆಲೆಗೆ ತಂದು ಮನೆಯವರೆದುರು ಬೀಗುತ್ತಿದ್ದಳು. ಅಲ್ಲಿ ಅದಕ್ಕೆ ಜಾಣತನ ಎಂದು ಹೆಸರು. ಅದೇ ಕೆಲಸ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮಾಡುವಾಗ ಮಾತ್ರ ಮಹಾರಾಯ್ತಿ ಹಿಂದೆ ಮುಂದೆ ನೋಡಿ, ಕದಿಯುವವಳ ಹಾಗೆ ಕೈ ಚಾಚುತ್ತಿದ್ದಳು.

ಗಂಡ ಗಿರಿಧರನ ಕಂಪನಿಯಲ್ಲಿ ಜನವರಿಯಿಂದ ಕುರ್ಟ್ಸ್‌ಆರ್ಬೈಟ್. ಅಂದರೆ ಕೆಲಸವೂ ಕಮ್ಮಿ, ಸಂಬಳವೂ ಕಮ್ಮಿ. ಮನೆ ಬಾಡಿಗೆಗೆ ಅದೆಲ್ಲ ಗೊತ್ತಾಗಬೇಕಲ್ಲ! ಅಂದಿನಿಂದ ಹರಿಪ್ರಿಯಾ ಪ್ರತಿ ಶನಿವಾರ ತರಕಾರಿ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹಾಜರು. ಮೂಲೆಯಲ್ಲಿ ಕೆಂಪು ಚೀಟಿ ಅಂಟಿಸಿದ ಡಬ್ಬಗಳಿರುತ್ತವೆ. ಚುಕ್ಕೆ ಬಿದ್ದ ಬಾಳೆಹಣ್ಣು, ಮೆತ್ತಗಾದ ಟೊಮೇಟೊ, ಸುಕ್ಕುಗಟ್ಟಿದ ದಪ್ಪ ಮೆಣಸಿನಕಾಯಿ, ಎಲ್ಲ ಸೇರಿ ಮೂರು ಯೂರೋ. ಇನ್ನೊಂದು ಲಾಭವೂ ಇತ್ತು. ಇಲ್ಲಿಯ ಜನ ನವಿಲುಕೋಸು ಕೊಳ್ಳುವಾಗ ಎಲೆಗಳನ್ನು ಮುರಿದು ಕೆಳಗಿನ ಪೆಟ್ಟಿಗೆಗೆ ಎಸೆಯುತ್ತಾರೆ. ಮೊಲ ಸಾಕಿದವರು ಬಂದು ಅದನ್ನು ಬಿಟ್ಟಿಯಾಗಿ ಒಯ್ಯುತ್ತಾರೆ. ಆ ಎಳೆ ಎಲೆ ಕಂಡರೆ ಮೈಸೂರಿನವಳಿಗೆ ನೆನಪಾಗುವುದು ಮೊಲವಲ್ಲ, ಮಸ್ಸೊಪ್ಪಿನ ಸಾರು.

ಆ ಶನಿವಾರ ಏಳು ವರ್ಷದ ಮಗಳು ಲಾವಣ್ಯಾಳೂ ಜೊತೆಗಿದ್ದಳು. ಹರಿಪ್ರಿಯಾ ಬಗ್ಗಿ ಎರಡೂ ಕೈಯಲ್ಲಿ ಎಲೆ ಬಾಚಿಕೊಳ್ಳುತ್ತಿರುವಾಗ ಬೆನ್ನ ಹಿಂದೆ ಕನ್ನಡ ಕೇಳಿಸಿತು.

"ಏನ್ರೀ ಹರಿಪ್ರಿಯಾ, ಇಷ್ಟು ಬೇಗ?"

ಕನ್ನಡ ಸಂಘದ ಕೀರ್ತಿ. ಯುಗಾದಿ ಊಟಕ್ಕೆ ಪಕ್ಕದಲ್ಲೇ ಕೂತಿದ್ದವಳು. ಅವಳ ಕಣ್ಣು ಕೆಂಪು ಚೀಟಿಯ ಡಬ್ಬದ ಮೇಲೆ ಬಿತ್ತು, ಆಮೇಲೆ ಎಲೆಯ ಮೇಲೆ. ಕೀರ್ತಿ ಆಡಿಕೊಳ್ಳುವ ಹೆಂಗಸಲ್ಲ, ಸುಮ್ಮನೆ ನೋಡಿದಳು ಅಷ್ಟೆ. ಆದರೂ ಹರಿಪ್ರಿಯಾಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಅಯ್ಯೋ, ಇದು ನಮಗಲ್ಲಾರೀ, ಮೊಲಕ್ಕೆ. ಲಾವಣ್ಯಂಗೆ ಅಂತ ಒಂದು ಮೊಲ ತಂದಿದೀವಿ."

"ಹೌದಾ? ಹಾಗಾದ್ರೆ ನಾಳೆ ನೋಡೋಕೆ ಬಂದೇ ಬರ್ತೀನಿ!"

"ಬನ್ನಿ, ಬನ್ನಿ," ಎಂದಿತು ಹರಿಪ್ರಿಯಾಳ ಹಾಳು ಬಾಯಿ.

ಲಾವಣ್ಯಾ ಎರಡು ವರ್ಷದಿಂದ ಮೊಲ ಬೇಕೆಂದು ಗೋಗರೆಯುತ್ತಿದ್ದ ಹುಡುಗಿ. ಅಪ್ಪ ಗುಟ್ಟಾಗಿ ತಂದಿಟ್ಟಿದ್ದಾನೆ ಎಂದೇ ಅವಳು ತಿಳಿದಳು. ಮನೆಗೆ ಬಂದವಳೇ ಬಾಲ್ಕನಿಗೆ ಓಡಿದಳು, ಬಚ್ಚಲುಮನೆ ನೋಡಿದಳು, ವಾಷಿಂಗ್ ಮೆಷಿನ್ನಿನ ಹಿಂದೆ ಇಣುಕಿದಳು. "ವೋ ಇಸ್ಟ್ ಎರ್, ಮಾಮಾ?" ಎಲ್ಲಿದೆ ಅಮ್ಮಾ, ಎಲ್ಲಿದೆ ಎಂದು ಜರ್ಮನ್‌ನಲ್ಲೇ ಕೇಳಿದಳು. ಕನ್ನಡದಲ್ಲಿ ಕೇಳಿದ್ದಕ್ಕೂ ಜರ್ಮನ್‌ನಲ್ಲೇ ಉತ್ತರಿಸುವ ಮಗು ಅದು.

"ಇಲ್ಲ ಪುಟ್ಟಿ. ಅಮ್ಮ ಸುಮ್ನೆ ಹಾಗಂದೆ."

"ವರುಮ್?"

ಯಾಕೆ? ಹರಿಪ್ರಿಯಾ ಸೊಪ್ಪಿನ ಚೀಲ ಬಿಚ್ಚತೊಡಗಿದಳು. ಮಗು ಹಟ ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಅದು ಬೂಟು ಬಿಚ್ಚಿಟ್ಟು ಸುಮ್ಮನೆ ಒಳಗೆ ಹೋಯಿತು.

"ಫೋನ್ ಮಾಡಿ ನಿಜ ಹೇಳಿಬಿಡೇ," ಎಂದ ಗಿರಿಧರ. ನಾಲ್ಕು ಸಲ ಫೋನ್ ಎತ್ತಿಕೊಂಡಳು, ನಾಲ್ಕು ಸಲವೂ ಕೆಳಗಿಟ್ಟಳು.

ಭಾನುವಾರ ನಾಲ್ಕಕ್ಕೆ ಕೀರ್ತಿ ಬಂದಳು, ಕೈಯಲ್ಲಿ ಒಂದು ಕಟ್ಟು ಕ್ಯಾರೆಟ್. ಮಾತು ಮೊಲದ ಕಡೆ ತಿರುಗದಿರಲಿ ಎಂದು ಹರಿಪ್ರಿಯಾ ಆತುರಾತುರವಾಗಿ ಬನ್ಸ್ ಬಡಿಸಿದಳು. ಅದೇ ಡಬ್ಬದ ಬಾಳೆಹಣ್ಣಿನವು.

"ಎಷ್ಟು ಘಮ್ಮಂತಿದೆ! ನಾನು ಮಾಡಿದ್ರೆ ಹೀಗಾಗಲ್ಲ. ಏನ್ರೀ ಗುಟ್ಟು?"

ಹಣ್ಣು ಕಪ್ಪಗಾಗಿರಬೇಕು, ಅದೇ ಗುಟ್ಟು. ನಿಜ ಹೇಳಲು ಇದಕ್ಕಿಂತ ಸಲೀಸಾದ ದಾರಿ ಸಿಗುತ್ತಿರಲಿಲ್ಲ. "ಏಲಕ್ಕಿ ಸ್ವಲ್ಪ ಜಾಸ್ತಿ ಹಾಕಿದೀನಿ," ಎಂದಳು ಹರಿಪ್ರಿಯಾ, ತನ್ನ ಮೇಲೆ ತನಗೇ ಅಸಹ್ಯಪಡುತ್ತ.

"ಸರಿ, ಎಲ್ಲಮ್ಮಾ ಲಾವಣ್ಯಾ ನಿನ್ನ ಮೊಲ?"

ಲಾವಣ್ಯಾ ಬಾಗಿಲಲ್ಲಿ ನಿಂತಿದ್ದಳು. ಅಮ್ಮನ ಮುಖ ನೋಡಿದಳು. ಆಮೇಲೆ ಬಿಡಿಸಿ ಬಿಡಿಸಿ, ಅಚ್ಚ ಕನ್ನಡದಲ್ಲಿ ಹೇಳಿದಳು: "ಅದು ಬೆಳಿಗ್ಗೆ ಸತ್ತೋಯ್ತು, ಆಂಟಿ."

"ಅಯ್ಯೋ ಕಂದಾ!" ಎಂದು ಕೀರ್ತಿ ಅವಳನ್ನು ತಬ್ಬಿಕೊಂಡಳು. ಅಷ್ಟೇ ಸಾಕಾಯಿತು, ಮಗು ಬಿಕ್ಕಿ ಬಿಕ್ಕಿ ಅತ್ತಿತು. ಅದು ನಾಟಕವಲ್ಲ. ಕೀರ್ತಿಯ ಕಣ್ಣೂ ತುಂಬಿತು. ಹರಿಪ್ರಿಯಾ ಪಕ್ಕದಲ್ಲೇ ನಿಂತಿದ್ದಳು. ಕ್ಯಾರೆಟ್ ಕಟ್ಟನ್ನು ಮೇಜಿನ ಮೇಲಿಟ್ಟು ಕೀರ್ತಿ ಹೊರಟಳು.

ಬಾಗಿಲು ಮುಚ್ಚಿತು. ಲಾವಣ್ಯಾ ತೋಳಿನಿಂದ ಮೂಗೊರೆಸಿಕೊಂಡು ಪಿಸುಗುಟ್ಟಿದಳು: "ಅಮ್ಮಾ, ನಾನು ಸರಿಯಾಗಿ ಹೇಳಿದ್ನಾ?"

ಹರಿಪ್ರಿಯಾಳಿಗೆ ಮಗಳ ಮುಖ ನೋಡಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು ಬರಿಗಾಲಲ್ಲೇ ಮೂರು ಮಹಡಿ ಇಳಿದಳು. ಕೀರ್ತಿ ಕೆಳಗೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಕೀರ್ತಿ, ಮೊಲ ಸಾಯಲಿಲ್ಲ ಕಣ್ರೀ. ಇರಲೇ ಇಲ್ಲ. ಆ ಸೊಪ್ಪು ನಾವೇ ಸಾರು ಮಾಡ್ಕೊಂಡು ತಿಂದ್ವಿ. ಸುಳ್ಳು ಹೇಳಿದ್ದು ನಾನು, ಇವಳಲ್ಲ."