ಗ್ಯಾಸಿಗೆ ಆಂಬುಲೆನ್ಸು, ಲಕ್ವಾಕ್ಕೆ ಪಾರಿವಾಳ

ಕೆಂಭಾವಿ ಸಂತೆಯಲ್ಲಿ ಮಿರ್ಚಿ ಭಜಿ ತಿಂದು ಮಾವನಿಗೆ, ಅಂದರೆ ನಮ್ಮ ಅಕ್ಕನ ಗಂಡನಿಗೆ, ಎದೆ ಉರಿದ ದಿನ ಮನೆಯ ಮುಂದೆ ಆಂಬುಲೆನ್ಸ್ ಬಂದು ನಿಂತಿತ್ತು. ಹಿಂದೆ ಜೀಪಿನಲ್ಲಿ ಅರ್ಧ ಓಣಿ. ಶಹಾಪುರದಲ್ಲಿ ಡಾಕ್ಟರು ಇಸಿಜಿ ತೆಗೆದು, ಗುಳಿಗೆ ಕೊಟ್ಟು, "ಗ್ಯಾಸ್ ಆಗ್ಯದ, ಮನಿಗೆ ಹೋಗ್ರಿ" ಎಂದರು. ಎಲ್ಲರೂ ಚಹಾ ಕುಡಿದು ವಾಪಸು ಬಂದರು. ಎದೆ ಎಂದ ಕೂಡಲೇ ಓಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಸಿಟ್ಟು ಬೇರೆಯದಕ್ಕೆ.

ಅಕ್ಕ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಮನೆ ನಡೆಯುತ್ತಿದ್ದದ್ದು ಅವಳ ಬಲಗೈ ಮೇಲೆ. ಅದೇ ವರ್ಷ ಒಂದು ಮುಂಜಾನೆ ರೊಟ್ಟಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಮಾವ ಯಾದಗಿರಿಯಲ್ಲಿದ್ದ ನನಗೆ ಫೋನು ಮಾಡಿದ.

"ನಿಮ್ಮಕ್ಕಗ ಲಕ್ವಾ ಹೊಡದದ. ಗಾಬರಿ ಆಗಬ್ಯಾಡ, ಔಷಧಕ್ಕ ಕರ್ಕೊಂಡು ಹೊಂಟೀವಿ."

"ಯಾವ ದವಾಖಾನಿಗ್ರಿ?"

"ದವಾಖಾನಿ ಯಾಕ? ಸುರಪುರದ ಆಕಡಿ ಹಳ್ಳ್ಯಾಗ ಒಬ್ಬಾವ ಪಾರಿವಾಳದ ರಕ್ತ ತಿಕ್ಕಿ ಆರಾಮ ಮಾಡ್ತಾನ. ಲಕ್ವಾಕ್ಕ ಸೂಜಿ ನಡ್ಯಂಗಿಲ್ಲ."

ಲಕ್ವಾ ಹೊಡೆದವರಿಗೆ ಸೂಜಿ ಹಾಕಿಸಬಾರದೆಂದು ನಮ್ಮ ಕಡೆ ಕೂಸಿನಿಂದ ಮುದುಕರವರೆಗೆ ಎಲ್ಲರೂ ಹೇಳುತ್ತಾರೆ. ಯಾರು ಕಂಡುಹಿಡಿದರೋ, ಅವರ ಬಾಯಲ್ಲಿ ಮಣ್ಣು ಬೀಳಲಿ.

"ಹೊತ್ತು ಹೋದಂಗ ಕೈ ಹೋಗ್ತದ ಮಾವಾ. ಮೊದ್ಲು ಆಂಬುಲೆನ್ಸಿಗೆ ಫೋನ್ ಹಚ್ಚರಿ."

"ಹಿರ್ಯಾರು ಕುಂತು ಮಾತಾಡ್ಯಾರ. ನೀ ಸುಮ್ಕಿರವಾ," ಎಂದು ಫೋನು ಇಟ್ಟ.

ಬಸ್ಸು ಹಿಡಿದು ಹೊರಟೆ. ದಾರಿಯುದ್ದಕ್ಕೂ ಫೋನು ಹಚ್ಚಿದೆ, ಯಾರೂ ಎತ್ತಲಿಲ್ಲ. ಸುರಪುರದಲ್ಲಿ ಕೇಳಿಕೊಂಡು ಆ ಹಳ್ಳಿ ಮುಟ್ಟಿದಾಗ ಅಕ್ಕ ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಮಲಗಿದ್ದಳು, ಬಲತೋಳಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ನಾನು ಎಲ್ಲರೊಂದಿಗೂ ಜಗಳ ತೆಗೆದು ಅವಳನ್ನು ಗಾಡಿಗೆ ಹಾಕಿಸಿ ದವಾಖಾನೆಗೆ ತಂದೆ. ಅಷ್ಟರಲ್ಲಿ ಸಂಜೆಯಾಗಿತ್ತು.

ಡಾಕ್ಟರು ಬೈಯಲಿಲ್ಲ. ಯಾವಾಗ ಶುರುವಾಯಿತೆಂದು ಕೇಳಿದರು. ಮುಂಜಾನೆ ಎಂದಾಗ ಮಾವನ ಮುಖ ನೋಡಿದರು.

"ಆವಾಗ್ಲೇ ತಂದಿದ್ರ ಕೈ ಉಳಿಸಾಕ ನೋಡಬಹುದಿತ್ರಿ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ನಮ್ಮ ಓಡಾಟ.

ಈಗ ಅಕ್ಕನ ಬಾಯಿ ನೆಟ್ಟಗಾಗಿದೆ, ಮಾತು ಬಂದಿದೆ. ಬಲಗೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತದೆ. ರೊಟ್ಟಿ ಬಡಿಯಲು ಬೇರೆ ಹೆಂಗಸು ಬರುತ್ತಾಳೆ. ಮೊನ್ನೆ ಹೋದಾಗ ನನಗೆ ಮತ್ತೆ ತಡೆಯಲಾಗಲಿಲ್ಲ.

"ಏನ್ರಿ ಮಾವಾ, ನಿಮ್ಮ ಗ್ಯಾಸಿಗೆ ಆಂಬುಲೆನ್ಸು, ನಮ್ಮಕ್ಕನ ಲಕ್ವಾಕ್ಕ ಪಾರಿವಾಳ?"

ಮಾವ ತಲೆ ತಗ್ಗಿಸಿ ಹಿಟ್ಟು ಜರಡಿ ಹಿಡಿಯುತ್ತಿದ್ದ. ಅಕ್ಕನೇ ಮಾತಾಡಿದಳು.

"ಅವರಿಗೆ ಬೈಬ್ಯಾಡ ಬಿಡು. ಅವರ ಎದಿ ಉರದಾಗ ಅವ್ರು ಬ್ಯಾಡ ಬ್ಯಾಡ ಅಂದ್ರೂ ಕೇಳದ ಆಂಬುಲೆನ್ಸಿಗೆ ಫೋನ್ ಹಚ್ಚಿದಾಕಿ ನಾನು. ನನಗ ಹೊಡದಾಗ ಹಂಗ ಹಚ್ಚಾಕ ಮನ್ಯಾಗ ಯಾರಿದ್ರು?"